ಹೊರಗಿನ ಹೆಂಗಸು ಒಬ್ಬಳು ಬೇಕು

ಕಾಸಾಬ್ಲಾಂಕಾ
11 ಜನವರಿ 2022

ಅಕ್ಕ ಯಮ್ನಾಗೆ ತಮ್ಮ ಜೀಲಾಲಿಯ ಸಲಾಂ.

ನಾನು ಮೂರು ಸಲ ಫೋನ್ ಮಾಡಿದೆ, ನೀನು ಮೂರು ಸಲವೂ ಕಟ್ ಮಾಡಿದೆ. ಕಾಗದ ಬರೆದರೆ ಮಾತ್ರ ಉತ್ತರ ಎಂದು ಪಕ್ಕದ ಮನೆಯವಳ ಬಾಯಲ್ಲಿ ಹೇಳಿಸಿದ್ದೀಯ. ಆಗಲಿ ಮಾರಾಯ್ತಿ, ಬರೆಯುತ್ತಿದ್ದೇನೆ. ಅರವತ್ತೆರಡನೆಯ ವಯಸ್ಸಿನಲ್ಲೂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರಮ್ಮ ನೀನೊಬ್ಬಳೇ.

ನಿನ್ನ ಅವ್ವ ತಾಮು ತೀರಿಕೊಂಡಾಗ ನಾನು ಬರಲಿಲ್ಲ. ಆ ಸಿಟ್ಟು ನಿನಗಿದೆ, ಇರಬೇಕಾದದ್ದೇ. ನನ್ನನ್ನು ಹೆತ್ತವಳು ಬಾಣಂತಿ ಜ್ವರದಲ್ಲಿ ಬಿದ್ದಿದ್ದಾಗ ನಿನ್ನ ಪಾಲಿನ ಹಾಲಿನಲ್ಲಿ ಅರ್ಧ ಕುಡಿದು ಬದುಕಿದವನು ನಾನು. ಸಾಹುಕಾರನ ಮಗನಿಗೆ ಕಾರ್ಖಾನೆಯ ಕೂಲಿಯವಳ ಎದೆಹಾಲು ಎಂದು ನಮ್ಮ ಚಿಕ್ಕಪ್ಪಂದಿರು ಮೂಗು ಮುರಿದದ್ದನ್ನೂ ಕೇಳಿ ಬೆಳೆದಿದ್ದೇನೆ. ನಾನದನ್ನು ಮರೆತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೊಸ ಕಾನೂನು ಬಂದಿದೆ. ನಮ್ಮಂಥ ಕಂಪನಿಗಳ ಬೋರ್ಡಿನಲ್ಲಿ ಹತ್ತಕ್ಕೆ ಮೂವರು ಹೆಂಗಸರು ಕೂರಬೇಕಂತೆ. ಒಬ್ಬಳು ನನ್ನ ಹೆಂಡತಿ ಬತೂಲ್. ಇನ್ನೊಬ್ಬಳು ಸತ್ತ ಅಣ್ಣನ ಮಗಳು ಶಾಮಾ. ಅವಳ ಪಾಲಿನ ಷೇರುಗಳಿವೆ, ಬಾಯಿ ಇಲ್ಲ. ಮೂರನೆಯವಳು ಮಾತ್ರ ರಕ್ತಸಂಬಂಧವಿಲ್ಲದ ಹೊರಗಿನ ಹೆಂಗಸಾಗಿರಬೇಕು ಎಂದು ವಕೀಲ ಕಣ್ಣು ಕೆಂಪಗೆ ಮಾಡಿಕೊಂಡು ಹೇಳಿದ. ಹಾಲಿನ ಸಂಬಂಧಕ್ಕೆ ಸರ್ಕಾರದಲ್ಲಿ ಕಾಗದವಿಲ್ಲವಲ್ಲ! ಅವರಿಗೆ ನೀನು ಹೊರಗಿನವಳು, ನನಗೆ ಒಡಹುಟ್ಟಿದವಳು. ಇಂಥ ಹೆಂಗಸು ಇಡೀ ದೇಶ ಹುಡುಕಿದರೂ ಸಿಗುವುದಿಲ್ಲ.

ಮೂರು ತಿಂಗಳಿಗೊಮ್ಮೆ ಕಾರು ಕಳಿಸುತ್ತೇನೆ. ಬಂದು ಕೂರು, ಪುದೀನಾ ಚಹಾ ಕುಡಿ, ನಾನು ಕೈಯೆತ್ತಿದಾಗ ಕೈಯೆತ್ತು. ಇಷ್ಟೇ ಕೆಲಸ.

ನಿನ್ನ ಹಾಲಿನ ತಮ್ಮ,
ಜೀಲಾಲಿ ತದ್ಲಾವಿ


ಆಸ್ಫಿ
23 ಜನವರಿ 2022

ಜೀಲಾಲಿ,

ಸಲಾಂ. ಕಾಗದವೇ ಬೇಕೆಂದು ಹಟ ಹಿಡಿದದ್ದಕ್ಕೆ ಕಾರಣ ಹೇಳುತ್ತೇನೆ. ಫೋನಿನಲ್ಲಿ ನೀನು ಕೂಗುತ್ತೀ, ಆಮೇಲೆ ‘ನಾನೆಲ್ಲಿ ಹಾಗಂದೆ?’ ಎನ್ನುತ್ತೀ. ಅಕ್ಷರ ಹಾಗೆ ಜಾರಿಕೊಳ್ಳುವುದಿಲ್ಲ. ಮೂವತ್ತೆರಡು ವರ್ಷ ಹುಡುಗಿಯರಿಗೆ ರಸಾಯನಶಾಸ್ತ್ರ ಕಲಿಸಿದವಳಿಗೆ ಬಾಯಿಮಾತಿಗಿಂತ ಬರೆದದ್ದರಲ್ಲಿ ನಂಬಿಕೆ.

ನಾನು ಒಪ್ಪಿದ್ದೇನೆ. ನಿನ್ನ ಚಹಾಕ್ಕಾಗಿ ಅಲ್ಲ. ಅವ್ವ ಇಪ್ಪತ್ತೇಳು ವರ್ಷ ನಿಮ್ಮ ಕಾರ್ಖಾನೆಯಲ್ಲಿ ಬೂತಾಯಿ ಮೀನಿನ ತಲೆ ಕತ್ತರಿಸಿದಳು. ಉಪ್ಪುನೀರು ತಿಂದು ಅವಳ ಬೆರಳ ತುದಿಗಳಲ್ಲಿ ಚರ್ಮವೇ ಉಳಿದಿರಲಿಲ್ಲ. ಹೆಣ ತೊಳೆದವಳು ನಾನು, ನನಗೆ ಗೊತ್ತು. ಆ ಬೆರಳುಗಳಿಗೆ ಲಾಭ ನಷ್ಟ ಹೇಳುವ ಮೇಜು ಎಂಥದ್ದೆಂದು ನೋಡುವ ಆಸೆ ನನಗಿದೆ.

ಒಂದು ಮಾತು. ಕೈಯೆತ್ತುವಾಗ ನಿನ್ನ ಕೈ ನೋಡಿ ಎತ್ತುವುದಿಲ್ಲ. ಆಮೇಲೆ ಅಕ್ಕ ಮೋಸ ಮಾಡಿದಳು ಎನ್ನಬೇಡ. ಹತ್ತು ಜನರನ್ನು ಕೂರಿಸಿಕೊಂಡು ಒಬ್ಬನ ಕಣ್ಣಿನಲ್ಲೇ ನೋಡುವುದಾದರೆ ಒಂಬತ್ತು ಕುರ್ಚಿ ದಂಡ.

ಯಮ್ನಾ


ಆಸ್ಫಿ
9 ಮೇ 2022

ಜೀಲಾಲಿಗೆ,

ರಂಜಾನ್ ಹಬ್ಬದ ಶುಭಾಶಯ ತಡವಾಗಿ ಹೇಳುತ್ತಿದ್ದೇನೆ. ಹಬ್ಬ ಕಳೆದ ಮೂರನೆಯ ದಿನ ಕಾರ್ಖಾನೆಯ ಹೆಂಗಸರ ಹಜಾರಕ್ಕೆ ಹೋಗಿದ್ದೆ. ಬಾಗಿಲಲ್ಲಿ ನಿನ್ನ ಮ್ಯಾನೇಜರ್ ಅಡ್ಡ ನಿಂತ.

“ಮೇಡಂ, ಒಳಗೆ ಯಾರೂ ಹೋಗೋ ಹಂಗಿಲ್ಲ.”

“ಯಾಕಪ್ಪಾ?”

“ಹೆಂಗಸ್ರು ತಲೆ ಬಿಚ್ಕೊಂಡು ಕೆಲ್ಸ ಮಾಡ್ತಾರೆ. ದೊಡ್ಡ ಯಜಮಾನ್ರ ಕಾಲದಿಂದ್ಲೂ ಗಂಡಸ್ರು ಕಾಲಿಡಲ್ಲ.”

“ಸ್ವಲ್ಪ ಕಣ್ ಬಿಟ್ಟು ನೋಡು. ನಾನ್ ನಿಂಗೆ ಗಂಡಸು ಥರ ಕಾಣ್ತೀನಾ?”

ನಿನ್ನ ಅಪ್ಪ ಈ ಕಟ್ಟಳೆ ಮಾಡಿದ್ದು ಮರ್ಯಾದೆಗೆ, ನಿಜ. ನಮ್ಮ ಹುಡುಗಿಯರನ್ನು ಕೆಲಸಕ್ಕೆ ಕಳಿಸಬಹುದು ಎಂದು ಊರು ಅದಕ್ಕೇ ನಿಮ್ಮನ್ನು ನಂಬಿತು. ಆದರೆ ಅದರಿಂದ ಏನಾಗಿದೆ ಗೊತ್ತಾ? ಐವತ್ತು ವರ್ಷಗಳಲ್ಲಿ ನಿಮ್ಮ ಬೋರ್ಡಿನ ಒಬ್ಬನೇ ಒಬ್ಬ ಆ ಹಜಾರದ ಒಳಗನ್ನು ಕಂಡಿಲ್ಲ. ಇನ್ನೂರ ಹತ್ತು ಹೆಂಗಸರು ದುಡಿಯುವ ಜಾಗ!

ನಾನು ಕಂಡದ್ದನ್ನು ಬರೆಯುತ್ತೇನೆ. ದೋಣಿ ಬಂದು ಸೈರನ್ ಕೂಗಿದ ಕೂಡಲೆ ಹೆಂಗಸರು ಒಳಗೆ, ಹೊರಗಿನಿಂದ ಅಗಳಿ, ಅಗಳಿಗೆ ಬೀಗ. ಮೀನೆಲ್ಲ ಮುಗಿಯುವವರೆಗೂ ಅದನ್ನು ತೆಗೆಯುವುದಿಲ್ಲ. ಬಟ್ಟೆಯೊಳಗೆ ಮೀನು ಸಾಗಿಸುತ್ತಾರಂತೆ, ಅದಕ್ಕೆ. ನಾನು ಹೋದ ದಿನವೇ ಸಾದಿಯಾ ಎಂಬವಳ ಲಂಗದೊಳಗೆ ಆರು ಬೂತಾಯಿ ಸಿಕ್ಕಿದವು. ಹೊರಬಾಗಿಲ ಕಾವಲುಗಾರ ನೀರಿನ ಪೈಪಿನಿಂದ ಅವಳ ಬೆನ್ನಿಗೆ ಬಾರಿಸಿದ. ಒಂದಲ್ಲ, ಒಂಬತ್ತು ಏಟು. ಪೈಪಿನ ತುದಿಯ ಹಿತ್ತಾಳೆ ಕಿವಿಗೆ ಬಿದ್ದು ಕಿವಿಯ ಹಾಲೆ ಹರಿದು ನೇತಾಡುತ್ತಿತ್ತು. ನಾನು ಅಡ್ಡ ಹೋಗುವಷ್ಟರಲ್ಲಿ ಮುಗಿದಿತ್ತು. ಕೆಲಸ ಮುಗಿಸಿ ಹೊರಟಿದ್ದ ಉಳಿದವರು ನಿಂತು ನೋಡಲೂ ಇಲ್ಲ.

ಅದಕ್ಕಿಂತ ಕೆಟ್ಟದ್ದು ಮೇಲಿದೆ. ಮಂಜುಗಡ್ಡೆ ಕೋಣೆಗೆ ಹೋಗುವ ಅಮೋನಿಯಾ ಕೊಳವೆ ಅವರ ತಲೆಯ ಮೇಲೆಯೇ ಹಾದುಹೋಗುತ್ತದೆ. ಅದರ ವಾಲ್ವ್ ಸೋರುತ್ತಿದೆ. ರಿಪೇರಿಯವನು ಗಂಡಸು, ಹಾಗಾಗಿ ಕೆಲಸ ಮುಗಿದು ಹೆಂಗಸರು ಹೋಗುವವರೆಗೆ ಹೊರಗೆ ಕಾಯುತ್ತಾನೆ. ಅವರು ಹೋಗುವ ಹೊತ್ತಿಗೆ ಅವನ ಪಾಳಿ ಮುಗಿದಿರುತ್ತದೆ. ಹೀಗೆ ಹದಿನಾಲ್ಕು ತಿಂಗಳು! ಮೇಸ್ತ್ರಿ ಮುಬಾರ್ಕಾ ಮೇಜು ಹತ್ತಿ ವಾಲ್ವಿಗೆ ಒದ್ದೆ ಬಟ್ಟೆ ಸುತ್ತುತ್ತಾಳೆ. ಅವಳ ಎಡಗಣ್ಣು ಬೆಳ್ಳಗಾಗಿಬಿಟ್ಟಿದೆ. ‘ಇನ್ನೊಂದೈತಲ್ಲ ಮೇಷ್ಟ್ರಮ್ಮಾ’ ಎಂದು ನಗುತ್ತಾಳೆ.

ಈ ತಿಂಗಳ ಮೀಟಿಂಗಿನಲ್ಲಿ ಇದನ್ನು ಮೊದಲ ವಿಷಯವಾಗಿ ಹಾಕು. ಬೀಗ ತೆಗೆಯಬೇಕು, ಕೊಳವೆ ಬೇರೆ ಕಡೆ ಹಾಯಿಸಬೇಕು. ನಲವತ್ತು ದಿನ ಕಾರ್ಖಾನೆ ನಿಲ್ಲಿಸಬೇಕಾಗುತ್ತದೆ.

ಯಮ್ನಾ


ಕಾಸಾಬ್ಲಾಂಕಾ
1 ಜೂನ್ 2022

ಅಕ್ಕ,

ನನ್ನ ಮಾನ ಕಳೆದೆಯಲ್ಲ! ಅಮೋನಿಯಾ ಕುಡಿದ ಆ ಬಟ್ಟೆಯನ್ನು ಡಬ್ಬಿಯಲ್ಲಿ ತಂದು ಬೋರ್ಡಿನ ಮೇಜಿನ ಮೇಲೆ ಮುಚ್ಚಳ ತೆಗೆದಿಟ್ಟೆ. ಹಾಜಿ ಸೆಬ್ತಿಗೆ ಎಪ್ಪತ್ತನಾಲ್ಕು ವರ್ಷ, ಕಂಪನಿಯ ಉಪಾಧ್ಯಕ್ಷ. ಅವರು ಕಣ್ಣುಮೂಗು ಸುರಿಸಿಕೊಂಡು ಹೊರಗೋಡಿದ್ದನ್ನು ಡ್ರೈವರ್‌ಗಳೂ ನೋಡಿದರು. ವಾಪಸ್ ಬಂದು ಏನೆಂದರು, ಕೇಳಿದೆಯಲ್ಲ? “ಕಾನೂನು ಹೆಂಗಸ್ರನ್ನ ಕೂರಿಸ್ಕೊಳ್ಳಿ ಅಂತು, ಕೂರಿಸ್ಕೊಂಡ್ವಿ. ಅವ್ರು ತಂದದ್ದನ್ನ ಮೂಸಿ ಅಂತ ಎಲ್ಲೂ ಹೇಳಿಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ?

ಓಟು ನೀನೇ ಕಂಡೆ. ನಿನ್ನ ಪರವಾಗಿ ನೀನೊಬ್ಬಳೇ. ಬತೂಲ್ ನನ್ನ ಕೈ ನೋಡಿ ಕೈಯೆತ್ತಿದಳು. ಶಾಮಾ ನಿನ್ನ ಪರ ಕೈಯೆತ್ತಲು ಹೋಗಿ, ನಾನು ನೋಡಿದ ಕೂಡಲೆ ಕಿವಿ ಕೆರೆದುಕೊಂಡಳು. ಅದನ್ನು ನೋಡಿ ನನಗೆ ಒಳಗೊಳಗೆ ನಗು ಬಂತು.

ಅಕ್ಕ, ಜುಲೈನಿಂದ ಬೂತಾಯಿಯ ಸುಗ್ಗಿ. ಈಗ ನಲವತ್ತು ದಿನ ನಿಲ್ಲಿಸಿದರೆ ನಮ್ಮ ಮೀನು ಕೊಳ್ಳುವ ಸ್ಪೇನಿನವರು ಬೇರೆ ಕಡೆ ಹೋಗುತ್ತಾರೆ. ಕಾರ್ಖಾನೆ ಮುಚ್ಚಿದರೆ ಮೊದಲು ಹಸಿಯುವವರು ನಿನ್ನ ಹೆಂಗಸರೇ. ಊರಿನ ಗಂಡಸರಿಗೆ ಈ ಸುದ್ದಿ ಮುಟ್ಟಿದರೆ ಸುಮ್ಮನಿರುವುದಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಹಾಲು ಹಂಚಿಕೊಂಡವರು ಹಾದಿರಂಪ ಮಾಡಿಕೊಳ್ಳಬಾರದು.

ಜೀಲಾಲಿ


ಆಸ್ಫಿ, ಸರ್ಕಾರಿ ಆಸ್ಪತ್ರೆ
27 ಜೂನ್ 2022

ಜೀಲಾಲಿ,

ಬಲಗೈ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಮಂಗಳವಾರ ಮಧ್ಯಾಹ್ನ ಟೊಮೆಟೊ, ಬ್ರೆಡ್ಡು ತೆಗೆದುಕೊಂಡು ಕುಂಬಾರರ ಗುಡ್ಡದ ಮೆಟ್ಟಿಲು ಹತ್ತುತ್ತಿದ್ದೆ. ಮೂವರು ಬಂದರು. ಒಬ್ಬ ಹಿಂದಿನಿಂದ ಜುಟ್ಟು ಹಿಡಿದು ಎಳೆದ. ಮೆಟ್ಟಿಲಿಗೆ ಹಣೆ ಬಡಿಯಿತು. ಇನ್ನೊಬ್ಬನ ಕೈಯಲ್ಲಿ ಮೀನಿನ ಪೆಟ್ಟಿಗೆಯ ಹಲಗೆ, ಮೊಳೆಯ ಸಮೇತ.

“ಫ್ಯಾಕ್ಟ್ರಿ ಮುಚ್ಸೋಕ್ ಬಂದವ್ಳೆ ಮುದುಕಿ! ನಮ್ಮನೆ ಒಲೆಗ್ ನೀರ್ ಹುಯ್ತೀಯೇನೇ?”

ಎಡಗೈಗೆ ನಾಲ್ಕು ಸಲ ಹೊಡೆದರು. ಮೂರನೆಯದಕ್ಕೆ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಹಲಗೆ ಹಿಡಿದವನೇ ಬಾಯಿ ಮುಚ್ಚಲು ಬಂದ, ಅವನ ಹೆಬ್ಬೆರಳು ನನ್ನ ಹಲ್ಲಿಗೆ ಸಿಕ್ಕಿತು, ನಾನು ಬಿಡಲಿಲ್ಲ. ಅವನು ಹೆಂಗಸಿನ ಹಾಗೆ ಕಿರುಚಿದ ಎಂದು ಬರೆಯಹೊರಟೆ. ತಪ್ಪು. ಹೊಡೆಸಿಕೊಂಡ ಹೆಂಗಸು ನಾನು, ಕಿರುಚಲಿಲ್ಲ. ಅವನ ಬೆರಳಿನ ತುಂಡು ಉಗುಳಿದಾಗ ಉಳಿದಿಬ್ಬರು ಓಡಿದರು. ಅವನು ಯಾರು ಗೊತ್ತಾ? ಸಾದಿಯಾಳ ಗಂಡ. ಹೆಂಡತಿಯ ಕಿವಿ ಹರಿದವನನ್ನು ಬಿಟ್ಟು, ಅದನ್ನು ಕೇಳಿದವಳ ಕೈ ಮುರಿದ.

ಬಡವನ ಸಿಟ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಇನ್ನೊಂದು. ಹೊಡೆಯುವಾಗ ಅವನು “ನಲವತ್ತು ದಿನಾನಾ? ನಲವತ್ತು ದಿನಾನಾ?” ಎನ್ನುತ್ತಿದ್ದ. ಆ ಲೆಕ್ಕ ಬೋರ್ಡಿನ ಕೋಣೆಯಲ್ಲಿ ಮಾತ್ರ ಆಡಿದ್ದು. ಯಾರು ಹೇಳಿದರು, ತಮ್ಮಾ? ಹೆಸರು ಬರೆದು ಕಳಿಸು.

ನಿನ್ನೆ ಶಾಮಾ ಬಂದಿದ್ದಳು. ಮಂಚದ ಪಕ್ಕ ಕೂತು ಅತ್ತಳು, ಆಮೇಲೆ “ಅತ್ತೆ, ಆ ಹಜಾರ ನಂಗೂ ತೋರ್ಸಿ” ಅಂದಳು. ಮುಬಾರ್ಕಾಳ ಜೊತೆ ಕಳಿಸಿದೆ. ಸಂಜೆ ವಾಪಸ್ ಬಂದವಳ ಕಣ್ಣು ಕೆಂಪಾಗಿತ್ತು, ಅಳುವಿನಿಂದಲ್ಲ. ಮುಂದಿನ ಮೀಟಿಂಗಿನಲ್ಲಿ ನೀನು ಒಬ್ಬಳನ್ನಲ್ಲ, ಇಬ್ಬರನ್ನು ಎಣಿಸಬೇಕು.

ಯಮ್ನಾ


ಕಾಸಾಬ್ಲಾಂಕಾ
15 ಜುಲೈ 2022

ಅಕ್ಕ,

ಬಕ್ರೀದ್ ಕುರಿಯ ತೊಡೆ ಕಳಿಸಿದ್ದೆ. ಬಾಗಿಲಿನಿಂದಲೇ ವಾಪಸ್ ಕಳಿಸಿದೆಯಂತೆ. ಮೂಳೆ ಡಾಕ್ಟರನ್ನು ಕಳಿಸಿದೆ, ಅವನನ್ನೂ. ಇಷ್ಟು ಹಟ ಯಾಕೆ?

ದೇವರಾಣೆಗೂ ನಾನು ಹೊಡೆಯಲು ಹೇಳಿಲ್ಲ. ಊಟಕ್ಕೆ ಕೂತಾಗ ಮ್ಯಾನೇಜರಿಗೆ ಒಂದು ಮಾತು ಅಂದಿರಬಹುದು, ‘ಮೇಷ್ಟ್ರಮ್ಮ ನಲವತ್ತು ದಿನ ಮುಚ್ಚಿಸ್ತಾಳಂತೆ ಕಣಯ್ಯಾ’ ಅಂತ. ಅವನು ಕಾಫಿ ಅಂಗಡಿಯಲ್ಲಿ ಅಂದಿರಬಹುದು. ಮಾತಿಗೆ ಕಾಲು ಬಂದರೆ ನನ್ನಿಂದ ಕಟ್ಟಿಹಾಕಲಾಗುತ್ತದೆಯೇ? ಹೆಸರು ಕೇಳಿದ್ದೆಯಲ್ಲ, ಇಗೋ, ನನ್ನದೇ ಬರೆದುಕೋ.

ಸುಗ್ಗಿ ಮುಗಿಯಲಿ. ಅಕ್ಟೋಬರಿನಲ್ಲಿ ಕೊಳವೆ ತೆಗೆಸುತ್ತೇನೆ. ಇದು ಬರವಣಿಗೆಯಲ್ಲಿ ಕೊಟ್ಟ ಮಾತು. ಆದರೆ ಸೆಪ್ಟೆಂಬರ್ ಮೀಟಿಂಗಿನಲ್ಲಿ ಮತ್ತೆ ಎತ್ತಬೇಡ. ಬ್ಯಾಂಕಿನವರು ಬರುತ್ತಾರೆ, ಸರ್ಕಾರದವರು ಬರುತ್ತಾರೆ. ನೀನೂ ಶಾಮಾನೂ ಅವರೆದುರು ಬಾಯಿಬಿಟ್ಟರೆ ನನ್ನ ಕುರ್ಚಿ ಹೋಗುತ್ತದೆ. ಹಾಜಿ ಸೆಬ್ತಿ ಅದಕ್ಕೇ ಕಾಯುತ್ತಿದ್ದಾರೆ.

ಆಗಸ್ಟ್ 24ಕ್ಕೆ ಸ್ಪೇನಿನವರನ್ನು ಕರೆದುಕೊಂಡು ಕಾರ್ಖಾನೆಗೆ ಬರುತ್ತೇನೆ. ಆ ದಿನ ದಯವಿಟ್ಟು ಅತ್ತ ಸುಳಿಯಬೇಡ.

ಜೀಲಾಲಿ


ಆಸ್ಫಿ, ಬಂದರಿನ ಹೋಟೆಲ್
2 ಸೆಪ್ಟೆಂಬರ್ 2022

ಅಕ್ಕ,

ನಿನಗೆ ಪ್ರಜ್ಞೆ ಬಂದಿದೆ, ಗಂಟಲಿನ ಕೊಳವೆ ತೆಗೆದಿದ್ದಾರೆ ಎಂದು ನರ್ಸ್ ಹೇಳಿದಳು. ದೇವರು ದೊಡ್ಡವನು. ಮೂರು ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆ, ಶಾಮಾ ಒಳಗೆ ಬಿಡಲಿಲ್ಲ. ಅದಕ್ಕೆ ಈ ಕಾಗದ.

ಐದು ಜನ ಹೋದರು. ಮುಬಾರ್ಕಾನೂ ಹೋದಳು. ಸಾದಿಯಾನೂ. ಹನ್ನೊಂದು ಜನರಿಗೆ ಕಣ್ಣು ಉಳಿಯುವುದು ಅನುಮಾನ. ಹೆಣಗಳನ್ನು ಸಾಲಾಗಿ ಮಲಗಿಸಿದ್ದನ್ನು ನೋಡಿದೆ. ಬಾಯಿಯ ಸುತ್ತ ಚರ್ಮ ಬೆಂದು ಸುಲಿದಿತ್ತು.

ನಡೆದದ್ದು ಹೀಗೆ, ನಿನಗೆ ಹೊರಗಿನದು ಗೊತ್ತಿರಲಾರದು. ಕೊಳವೆ ಸಿಡಿದ ಸದ್ದು ಕೇಳಿ ಅಂಗಳದಲ್ಲಿದ್ದ ನಾನು ಬಾಗಿಲಿಗೆ ಓಡಿದೆ. ಯಜಮಾನ ಬಂದ ದಿನ ಕೀ ಗೊಂಚಲು ಅವನ ಕೈಗೆ ಕೊಡುವುದು ಅಪ್ಪನ ಕಾಲದ ಪದ್ಧತಿ, ಹಾಗಾಗಿ ಕೀ ನನ್ನ ಹತ್ತಿರವೇ ಇತ್ತು. ಆದರೆ ಒಳಗೆ ಹೆಂಗಸರು ತಲೆ ಬಿಚ್ಚಿಕೊಂಡಿದ್ದಾರೆ. ಹೇಗೆ ನುಗ್ಗಲಿ? ‘ಯಾರಾದ್ರೂ ಒಬ್ಳು ಹೆಂಗಸನ್ನ ಕರೀರೋ, ಬಾಗ್ಲು ತೆಗೀಲಿ!’ ಎಂದು ಕೂಗಿದೆ. ಆಫೀಸಿನಿಂದ ಶಾಮಾ ಬಂದಳು, ತೆಗೆದಳು. ಅಷ್ಟೇ. ಸ್ವಲ್ಪ ಹೊತ್ತಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಊರು ಅರ್ಥಮಾಡಿಕೊಂಡಿದೆ. ಸತ್ತವರ ಗಂಡಂದಿರು ಬಂದು ನನ್ನ ಭುಜಕ್ಕೆ ಮುತ್ತಿಟ್ಟರು. ‘ಸಾಯೋ ಹೊತ್ನಲ್ಲೂ ನಮ್ಮ ಹೆಂಗಸ್ರ ಮಾನ ಕಾದ್ರಿ’ ಅಂದರು.

ಪ್ರಾಸಿಕ್ಯೂಟರ್ ನಿನ್ನ ಹೇಳಿಕೆ ಕೇಳಲು ಬರುತ್ತಾನೆ. ಬೋರ್ಡಿನ ಹೊರಗಿನ ಸದಸ್ಯೆ ನೀನು, ನಿನ್ನ ಮಾತಿಗೇ ತೂಕ. ಬಾಗಿಲು ಬೇಗ ತೆಗೆದರು ಎಂದು ಹೇಳು. ಒಂದು ಮಾತು, ಅಕ್ಕ. ನಿನ್ನ ತಾಯಿಯ ಹಾಲಿನ ಮೇಲೆ ಆಣೆ ಇಟ್ಟು ಬೇಡುತ್ತೇನೆ.

ನಿನ್ನ ತಮ್ಮ,
ಜೀಲಾಲಿ


ಆಸ್ಫಿ, ಆಸ್ಪತ್ರೆ
19 ಸೆಪ್ಟೆಂಬರ್ 2022

ಜೀಲಾಲಿ,

ಬೇಡ ಎಂದ ದಿನವೇ ಬಂದೆ. ವಾಲ್ವಿನ ಬಟ್ಟೆ ಒಣಗುತ್ತಲೇ ಇಲ್ಲ, ತೊಟ್ಟಿಕ್ಕುತ್ತಿದೆ ಎಂದು ಮುಬಾರ್ಕಾ ಹೇಳಿ ಕಳಿಸಿದ್ದಳು. ನಾನು ಒಳಗೆ ಹೋದ ಮೇಲೆ ಎಂದಿನಂತೆ ಅಗಳಿ ಬಿತ್ತು.

ಹತ್ತೂಕಾಲಿಗೆ ಸಿಡಿಯಿತು. ಮೊದಲು ಬಿಳಿ ಮೋಡ ಇಳಿದು ಬಂತು, ಮಂಜುಗಡ್ಡೆಗಿಂತ ತಣ್ಣಗೆ. ಕೊಳವೆಯ ಕೆಳಗಿದ್ದ ಸಾದಿಯಾ ಎರಡು ಹೆಜ್ಜೆ ಇಟ್ಟಳು, ಕೈಯಲ್ಲಿ ಚಾಕು ಹಿಡಿದುಕೊಂಡೇ ಮುಂದಕ್ಕೆ ಬಿದ್ದಳು. ಕಣ್ಣಿಗೆ, ಗಂಟಲಿಗೆ, ಕಂಕುಳಿಗೆ, ಒದ್ದೆ ಇದ್ದ ಕಡೆಯೆಲ್ಲ ಬೆಂಕಿ. ಇನ್ನೂರು ಹೆಂಗಸರು ಒಬ್ಬರ ಮೇಲೊಬ್ಬರು ಬಾಗಿಲಿಗೆ ನುಗ್ಗಿದರು. ನನ್ನ ಕಾಲ ಕೆಳಗೆ ಒಂದು ಕೈ ಸಿಕ್ಕಿತು, ಯಾರದೆಂದು ನೋಡಲಾಗಲಿಲ್ಲ. ತಲೆಬಟ್ಟೆಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಳ್ಳಿ ಎಂದು ಕೂಗಿದೆ. ಕೆಲವರು ಬದುಕಿದ್ದು ಅದರಿಂದ. ಹೌದು, ತಲೆ ಬಿಚ್ಚಿಕೊಂಡಿದ್ದರು. ಉಸಿರಾಡಲು.

ಆಗ ಬಾಗಿಲಾಚೆ ನಿನ್ನ ದನಿ ಕೇಳಿಸಿತು. ನಾನು ಬಾಗಿಲಿಗೆ ಬಾಯಿ ಹಚ್ಚಿ ಕೂಗಿದೆ. ಏನು ಕೂಗಿದೆ, ನೀನು ಹೇಳಿಲ್ಲ, ನಾನು ಹೇಳುತ್ತೇನೆ. “ಜೀಲಾಲಿ, ನಾನು ಯಮ್ನಾ! ನಾನು ಕಣೋ! ತೆಗಿಯೋ!” ಎರಡು ಸಲ ಕೂಗಿದೆ. ಆಚೆ ನಿನ್ನ ದನಿ ನಿಂತುಹೋಯಿತು. ನಾನು ನಿನ್ನ ಅಕ್ಕ. ಹಾಲಿನ ತಮ್ಮ ಒಡಹುಟ್ಟಿದವನಿಗೆ ಸಮ, ನನ್ನ ಬರಿದಲೆ ನೋಡಲು ಶಾಸ್ತ್ರವೂ ಊರೂ ನಿನಗೆ ಹಕ್ಕು ಕೊಟ್ಟಿವೆ. ನನ್ನ ದನಿ ಕೇಳಿದ ಮೇಲೂ ಯಾವ ಹೆಂಗಸು ಬೇಕಿತ್ತು ನಿನಗೆ?

ಎಣಿಸುವುದು ನನ್ನ ರೂಢಿ. ನೂರಾ ನಲವತ್ತರವರೆಗೆ ಎಣಿಸಿದ್ದು ನೆನಪಿದೆ, ಆಮೇಲಿಲ್ಲ.

ಶಾಮಾ ಎಲ್ಲ ಹೇಳಿದ್ದಾಳೆ. ಕೀ ನಿನ್ನ ಮುಷ್ಟಿಯಲ್ಲಿತ್ತಂತೆ. ಕೇಳಿದಳು, ಕೊಡಲಿಲ್ಲ. ಬೆರಳು ಬಿಡಿಸಲು ನೋಡಿದಳು, ಆಗಲಿಲ್ಲ. ಕೊನೆಗೆ ನಿನ್ನ ಮಣಿಕಟ್ಟು ಕಚ್ಚಿ ರಕ್ತ ಬರಿಸಿ ಕಿತ್ತುಕೊಂಡಳಂತೆ. ಇದನ್ನು ನೀನು ‘ಶಾಮಾ ಬಂದಳು, ತೆಗೆದಳು’ ಎಂದು ಬರೆದಿದ್ದೀ.

ಪ್ರಾಸಿಕ್ಯೂಟರ್ ಬಂದಿದ್ದ. ಗಂಟಲು ಸರಿಯಿಲ್ಲ, ವಾಯಿದೆ ಬೇಕು ಎಂದೆ. ಅವನಿಗೆ ಉತ್ತರ ಕೊಡುವ ಮೊದಲು ನನಗೆ ನಿನ್ನಿಂದ ಒಂದು ಉತ್ತರ ಬೇಕು. ನನ್ನ ದನಿ ಕೇಳಿದ ಮೇಲೆ ನೀನು ಏನು ಮಾಡುತ್ತಿದ್ದೆ?

ಯಮ್ನಾ


ಕಾಸಾಬ್ಲಾಂಕಾ
14 ಅಕ್ಟೋಬರ್ 2022

ಅಕ್ಕ,

ಇಪ್ಪತ್ತು ದಿನದಿಂದ ಬರೆದು ಹರಿದು ಹಾಕುತ್ತಿದ್ದೇನೆ.

ಕೀಯನ್ನು ಬೀಗಕ್ಕೆ ಹಾಕಿದ್ದೆ. ಹೆಂಗಸನ್ನು ಕರೆಯಿರಿ ಎಂದು ಕೂಗಿದ್ದು ನಿಜ, ಆದರೆ ಕಾಯುತ್ತಾ ನಿಲ್ಲಲಿಲ್ಲ. ಒಳಗಿನ ಕಿರುಚಾಟ ಕೇಳಲಾರದೆ ನಾನೇ ಹಾಕಿದೆ. ತಿರುಗಿಸುವುದಷ್ಟೇ ಬಾಕಿ ಇತ್ತು. ಆಗ ನಿನ್ನ ದನಿ ಬಂತು.

‘ಇವಳು ಇಲ್ಲಿಗೂ ಬಂದಳಾ’ ಎನ್ನಿಸಿತು ಮೊದಲು. ಆಮೇಲೆ ಅನ್ನಿಸಿದ್ದನ್ನು ಬರೆಯುತ್ತೇನೆ, ಬರೆಯದಿದ್ದರೆ ಸಾಯುತ್ತೇನೆ. ಸೆಪ್ಟೆಂಬರ್ ಮೀಟಿಂಗಿಗೆ ಇವಳು ಇರುವುದಿಲ್ಲ ಎನ್ನಿಸಿತು. ಅಷ್ಟೇ. ಯೋಚನೆ ಮಾಡಿದ್ದಲ್ಲ, ತಾನಾಗಿ ಬಂತು. ಕೈ ಕೀಯನ್ನು ಹೊರಗೆ ತೆಗೆಯಿತು. ಆಮೇಲೆ ಬೇಕೆಂದರೂ ಕೈ ಬಿಚ್ಚಲಿಲ್ಲ. ಶಾಮಾ ಕಚ್ಚುವವರೆಗೂ ಬಿಚ್ಚಲಿಲ್ಲ.

ಜನ ನನ್ನನ್ನು ಮಾನವಂತ ಎನ್ನುತ್ತಿದ್ದಾರೆ. ಮಸೀದಿಯಲ್ಲಿ ಮುಂದಿನ ಸಾಲಿಗೆ ಜಾಗ ಬಿಡುತ್ತಾರೆ. ಸಾದಿಯಾಳ ಗಂಡ, ನಿನ್ನ ಕೈ ಮುರಿದವನು, ಅರ್ಧ ಹೆಬ್ಬೆರಳಿನ ಕೈಯಿಂದ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ನಿನ್ನ ಕಾಲು ಹಿಡಿಯುತ್ತೇನೆ, ಕ್ಷಮಿಸು.

ಓದಿ ಸುಟ್ಟುಬಿಡು.

ಜೀಲಾಲಿ


ಆಸ್ಫಿ
6 ನವೆಂಬರ್ 2022

ಜೀಲಾಲಿ,

ಸುಡಲಿಲ್ಲ.

ಮೊನ್ನೆ ಬೋರ್ಡಿನ ಮೀಟಿಂಗಿಗೆ ನಿನ್ನ ಕಾಗದ ತೆಗೆದುಕೊಂಡು ಹೋಗಿದ್ದೆ. ನೀನು ರಜೆಯಲ್ಲಿದ್ದೀ, ಹಾಜಿ ಸೆಬ್ತಿ ನಿನ್ನ ಕುರ್ಚಿಯಲ್ಲಿದ್ದರು. ನನಗೆ ಇನ್ನೂ ದನಿ ಬರುವುದಿಲ್ಲ, ಹಾಗಾಗಿ ಶಾಮಾ ಓದಿದಳು. ನಡುವೆ ಒಂದು ಕಡೆ ನಿಂತಳು, ನೀರು ಕುಡಿದು ಮುಂದುವರಿಸಿದಳು. ಮುಗಿದ ಕೂಡಲೆ ಸೆಬ್ತಿ ಎದ್ದು ಕಾಗದ ಕಸಿದುಕೊಂಡರು.

“ಇದು ಮನೆ ವಿಷ್ಯ. ಹರಿದ್ ಹಾಕೋಣ. ಕಂಪ್ನಿ ಹೆಸ್ರು ಹಾಳಾಗುತ್ತೆ.”

ಹರಿಯಲು ಎರಡು ಕೈಯಲ್ಲಿ ಹಿಡಿದಿದ್ದರು. ನಿನ್ನ ಹೆಂಡತಿ ಬತೂಲ್ ಪಕ್ಕದಲ್ಲೇ ಕೂತಿದ್ದಳು, ಎಂದಿನಂತೆ ತಲೆ ತಗ್ಗಿಸಿಕೊಂಡು. ಸಹಿ ಹಾಕುವ ಪೆನ್ನನ್ನು ಅವರ ಕೈಗೆ ಚುಚ್ಚಿದಳು. ಒತ್ತಿ, ತಿರುವಿ. ಹಾಜಿ ಬೊಬ್ಬೆ ಹಾಕಿದರು, ರಕ್ತ ಮೇಜಿನ ಹಸಿರು ಬಟ್ಟೆಯ ಮೇಲೆಲ್ಲ ಆಯಿತು.

“ಮಡಚಿ ಇಡಿ ಹಾಜಿ. ಅದು ನನ್ ಗಂಡನ ಅಕ್ಷರ. ಹರಿಯೋ ಹಕ್ಕು ನಂಗೇ ಇಲ್ಲ, ನಿಮ್ಗೆಲ್ಲಿಂದ ಬಂತು?” ಅಂದಳು. ಮೂವತ್ತೇಳು ವರ್ಷದ ಸಂಸಾರದಲ್ಲಿ ನೀನು ಅವಳ ಈ ದನಿ ಕೇಳಿದ್ದೀಯಾ? ನಾನಂತೂ ಮೊದಲ ಸಲ ಕೇಳಿದ್ದು.

ಆಮೇಲೆ ಓಟು. ಹಜಾರ ಮುಚ್ಚಿ, ಕೊಳವೆ ತೆಗೆದು, ಮೂರು ಕಡೆ ಒಳಗಿನಿಂದ ತೆರೆಯುವ ಬಾಗಿಲು ಇಡುವವರೆಗೆ ಕೆಲಸವಿಲ್ಲ, ಅಷ್ಟು ದಿನವೂ ಹೆಂಗಸರಿಗೆ ಕೂಲಿ. ರಿಪೇರಿಗೆ ಇಬ್ಬರು ಹುಡುಗಿಯರನ್ನು ತರಬೇತಿ ಕೊಟ್ಟು ಇಟ್ಟುಕೊಳ್ಳುವುದು. ನಮ್ಮ ಮೂವರ ಕೈ ಮೇಲೆದ್ದವು. ಬತೂಲ್ ಯಾರ ಕೈಯನ್ನೂ ನೋಡಲಿಲ್ಲ. ಆಮೇಲೆ ಗಂಡಸರಲ್ಲಿ ಇಬ್ಬರು ಕೈಯೆತ್ತಿದರು. ಅವರಿಗೂ ಮೊದಲಿನಿಂದ ಹಾಗೇ ಅನ್ನಿಸಿತ್ತಂತೆ, ಜೊತೆ ಇರಲಿಲ್ಲವಂತೆ! ಒಂಬತ್ತಕ್ಕೆ ಐದು. ಒಬ್ಬಳಿದ್ದಾಗ ಹುಚ್ಚಿ, ಇಬ್ಬರಾದಾಗ ಜಗಳಗಂಟಿಯರು, ಮೂವರಾದ ಮೇಲೆ ಅದು ಮಂಡಳಿ. ಕಾನೂನು ಮಾಡಿದವನಿಗೆ ಈ ಲೆಕ್ಕ ಗೊತ್ತಿತ್ತೋ ಏನೋ.

ಕಾಗದ ನಿನ್ನೆ ಪ್ರಾಸಿಕ್ಯೂಟರ್ ಕೈ ಸೇರಿತು. ಇದು ನಿನಗೆ ಮುಟ್ಟುವ ಮೊದಲೇ ಅವರು ನಿನ್ನ ಬಾಗಿಲು ತಟ್ಟಿರುತ್ತಾರೆ. ಬೇಗ ತೆಗಿ.

ನೀನು ಕ್ಷಮೆ ಕೇಳಿದ್ದೀಯ. ನನ್ನ ಕೈ ಮುರಿಸಿದ್ದಕ್ಕೆ, ನನ್ನನ್ನು ಒಳಗೇ ಸಾಯಲು ಬಿಟ್ಟದ್ದಕ್ಕೆ ಮಾತ್ರ ಆಗಿದ್ದರೆ ಕೊಟ್ಟುಬಿಡುತ್ತಿದ್ದೆ. ಅಕ್ಕಂದಿರ ಬುದ್ಧಿಯೇ ಹಾಗೆ. ಆದರೆ ನಾನು ಇದುವರೆಗೆ ಯಾರಿಗೂ ಹೇಳದ ಒಂದು ವಿಷಯವಿದೆ. ಅದನ್ನೂ ಹೇಳಿಕೆಯಲ್ಲಿ ಬರೆದುಕೊಟ್ಟಿದ್ದೇನೆ, ನಿನಗೂ ಬರೆಯುತ್ತೇನೆ.

ಕೊಳವೆ ಸಿಡಿದಾಗ ಮುಬಾರ್ಕಾ ಮತ್ತು ಸತ್ತವರಲ್ಲಿ ಇನ್ನು ಮೂವರು ಬಾಗಿಲಿಗೆ ಬರಲಿಲ್ಲ. ಮೂಲೆಯ ಮೇಜಿನ ಮೇಲೆ ಪೆಟ್ಟಿಗೆ ಪೇರಿಸಿ ಹತ್ತಿ ಎತ್ತರದ ಕಿಟಕಿ ಒಡೆಯುತ್ತಿದ್ದರು. ಒಂದು ಗಾಜು ಒಡೆದಿತ್ತು. ಮುಬಾರ್ಕಾಳ ತಲೆ, ಒಂದು ಭುಜ ಹೊರಗೆ ಹೋಗಿತ್ತು. ಅಷ್ಟರಲ್ಲಿ ಬಾಗಿಲಾಚೆ ನಿನ್ನ ದನಿ ಕೇಳಿಸಿತು. ನನಗೆ ಎಷ್ಟು ಸಂತೋಷವಾಯಿತು, ಹೇಗೆ ಹೇಳಲಿ! ನಾನು ತಿರುಗಿ ಕೂಗಿದೆ. “ಇಳೀರೇ, ಗಾಜು ಕುಯ್ಯುತ್ತೆ, ಇಳೀರಿ! ಕೀ ತಗೊಂಡು ನನ್ ತಮ್ಮ ಬಂದಿದಾನೆ!”

ನಾಲ್ವರೂ ನನ್ನ ಮಾತು ನಂಬಿ ಇಳಿದರು.

ಯಮ್ನಾ